ಬೇಡವೆಂದವನ ಕುರ್ಚಿ

ಹಲ್ಲುಜ್ಜುವ ಮೊದಲೊಮ್ಮೆ, ಉಜ್ಜಿದ ಮೇಲೊಮ್ಮೆ, ವೆಂಕಟಾಚಲ ಬಚ್ಚಲುಮನೆಯ ಕನ್ನಡಿಯ ಮುಂದೆ ನಿಂತು ರಾಜೀನಾಮೆ ಕೊಟ್ಟರು. ಮೊದಲನೆಯದು ತೀರಾ ಖಚಿತವಾಗಿಬಿಟ್ಟಿತ್ತು. ಕೇಳಿದವರು ನಂಬಿಬಿಡುವ ಅಪಾಯವಿತ್ತು. ಎರಡನೆಯದರಲ್ಲಿ ದಣಿವು ಹದವಾಗಿ ಬಂದಿದ್ದರೂ ಕೊನೆಯ ಮಾತು ಪೂರ್ಣವಿರಾಮದ ಮೇಲೆ ಹೋಗಿ ಕೂತಿತು. ಹಾಗೆ ಕೂರಬಾರದು. ‘ಇನ್ನು ಮುಂದೆ ಬೇರೆ ಯಾರಾದರೂ...’ ಎಂಬಲ್ಲಿ ವಾಕ್ಯವನ್ನು ತುಸು ತೂಗಲು ಬಿಡಬೇಕು. ಸಭಿಕರು ಆ ಸಂದಿಯಲ್ಲಿ ನುಗ್ಗಿ ‘ಛೆ ಛೆ, ಏನ್ ಮಾತು ಸಾರ್ ಇದು’ ಎನ್ನಲು ಜಾಗವಿರಬೇಕು. ಪಂಕ್ತಿಯಲ್ಲಿ ಹೋಳಿಗೆ ಬಡಿಸಲು ಬಂದವರಿಗೆ ಬೇಡ ಬೇಡವೆನ್ನುತ್ತ ಎಲೆಗೆ ಅಡ್ಡ ಹಿಡಿಯುವ ಕೈಯಲ್ಲಿ, ಬೆರಳುಗಳ ನಡುವೆ ಒಂದು ಹೋಳಿಗೆ ಜಾರುವಷ್ಟು ಎಡೆ ಇರಬೇಕೆಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅದು ಹನುಮಂತನಗರದ ಮನೆಗಳಲ್ಲಿ ಹುಟ್ಟಿದವರಿಗೆ ಮಾತಿಗಿಂತ ಮೊದಲು ಬರುವ ವಿದ್ಯೆ. ಕನ್ನಡಿಯೊಳಗಿನ ಬಿಳಿಮೀಸೆ ಮೂರನೆಯ ಪ್ರಯತ್ನಕ್ಕೆ ಸಿದ್ಧವಾಗುತ್ತಿದ್ದಾಗ ಅಡುಗೆಮನೆಯಿಂದ ವಿಮಲಾ ಕೂಗಿದರು.

“ಯಾರ ಹತ್ರ ಮಾತಾಡ್ತಿದ್ದೀರಿ ಒಳಗೆ?”

“ಯಾರ ಹತ್ರಾನೂ ಇಲ್ಲ.”

“ಓ, ರಾಜೀನಾಮೆನಾ? ಕೊಟ್ಟು ಬೇಗ ಬನ್ನಿ, ಕಾಫಿ ಆರತ್ತೆ.”

ಹೆಂಡತಿಯ ಈ ಧಾಟಿ ಅವರಿಗೆ ಹೊಸದಲ್ಲ, ಆದರೂ ಪ್ರತಿ ವರ್ಷ ಈ ದಿನ ಅದು ಹೊಸದಾಗಿ ಚುಚ್ಚುತ್ತಿತ್ತು. ಬಿಳಿಪರದೆ ಚಿತ್ರ ಬಳಗದ ವಾರ್ಷಿಕ ಸಭೆ ಇಂದು. ಕತ್ರಿಗುಪ್ಪೆಯ ಅಕ್ಕಯಮ್ಮ ಕಲ್ಯಾಣ ಮಂಟಪದ ಊಟದ ಹಾಲ್‌ನಲ್ಲಿ, ಮುಹೂರ್ತವಿಲ್ಲದ ಭಾನುವಾರಗಳಂದು ಬೆಳಗಿನ ಹೊತ್ತು ಬಳಗದವರು ಸಿನಿಮಾ ನೋಡುತ್ತಿದ್ದರು. ವಾರ್ಷಿಕ ಸಭೆಯ ದಿನ ಅಧ್ಯಕ್ಷರು ಎದ್ದು ತಮಗೆ ಸಾಕಾಯಿತೆನ್ನುವುದು, ಸದಸ್ಯರು ಸಾಕಾಗಬಾರದೆನ್ನುವುದು, ಅಧ್ಯಕ್ಷರು ತಲೆಯಾಡಿಸುತ್ತ ನಿಟ್ಟುಸಿರಿನೊಂದಿಗೆ ಒಪ್ಪುವುದು, ಬಳಿಕ ದೀಪಗಳು ಆರುವುದು, ಇದು ಪದ್ಧತಿ. ಆರಿದ ಮೇಲೆ ಪರದೆಯ ಮೇಲೆ ಬರುವುದೂ ಪದ್ಧತಿಯಂತೆ ಒಂದೇ ಚಿತ್ರ: ಮೆಕ್ಸಿಕೋದ ರೈತರಿಗೆ ಭೂಮಿ ಬಿಡಿಸಿಕೊಡಲು ಕುದುರೆಯೇರಿದ ನಾಯಕನೊಬ್ಬನ ಬಗೆಗಿನ ಹಳೆಯ ಕಪ್ಪು-ಬಿಳುಪು ಚಿತ್ರ. ಅದನ್ನು ವೆಂಕಟಾಚಲ ಇಪ್ಪತ್ತರ ವಯಸ್ಸಿನಲ್ಲಿ ಕಂಟೋನ್ಮೆಂಟ್ ಕಡೆಯ ಥಿಯೇಟರೊಂದರ ಮಾರ್ನಿಂಗ್ ಶೋನಲ್ಲಿ ನೋಡಿ, ಹೊರಬಂದವರೇ ಮೀಸೆ ಬೋಳಿಸುವುದನ್ನು ನಿಲ್ಲಿಸಿದ್ದರು. ಅಂದಿನಿಂದ ಇಂದಿನವರೆಗೆ ಅವರ ಬದುಕಿನಲ್ಲಿ ನಡೆದ ಕ್ರಾಂತಿಯೆಲ್ಲ ಮೂಗಿನ ಕೆಳಗೆಯೇ ನಡೆದಿತ್ತು.

ಚಿತ್ರದಲ್ಲೊಂದು ದೃಶ್ಯ. ರಾಜಧಾನಿ ಕೈವಶವಾಗಿದೆ. ಧೂಳುಗಾಲಿನ ರೈತರು ಅರಮನೆಯ ನುಣುಪು ನೆಲದ ಮೇಲೆ ಹೆಜ್ಜೆಯಿಡಲು ಸಂಕೋಚಪಡುತ್ತ ನಿಂತಿದ್ದಾರೆ. ಎದುರಿಗೆ ಚಿನ್ನದ ಹದ್ದು ಕೆತ್ತಿದ ಅಧ್ಯಕ್ಷರ ಕುರ್ಚಿ. ನಾಯಕ ಅದನ್ನು ನೋಡುತ್ತಾನೆ, ಟೋಪಿಯನ್ನು ಕೈಯಲ್ಲೊಮ್ಮೆ ತಿರುಗಿಸುತ್ತಾನೆ, ತಲೆಯಲ್ಲಾಡಿಸಿ ಕಿಟಕಿಯ ಕಡೆಗೆ ನಡೆದುಬಿಡುತ್ತಾನೆ. ಕುರ್ಚಿ ಬೇಡ. ಈ ‘ಬೇಡ’ದ ಬಗ್ಗೆ ವೆಂಕಟಾಚಲ ವರ್ಷವರ್ಷವೂ ಪೀಠಿಕೆಯ ಭಾಷಣ ಮಾಡುತ್ತಿದ್ದರು, ಮತ್ತು ಅದನ್ನು ಆಗಷ್ಟೇ ಮರಳಿ ಪಡೆದ ಕುರ್ಚಿಯ ಪಕ್ಕದಲ್ಲಿ ನಿಂತು ಮಾಡುತ್ತಿದ್ದರು. ಇದರಲ್ಲಿ ವಿರೋಧಾಭಾಸವೇನೂ ಅವರಿಗೆ ಕಂಡಿರಲಿಲ್ಲ. ನಾಯಕ ಬೇಡವೆಂದ, ತಾವೂ ಬೇಡವೆಂದರು, ಜನ ಬಿಡಲಿಲ್ಲ. ತಪ್ಪಿದ್ದರೆ ಜನರದು.

ಕಾಫಿ ಆರಿತ್ತು. ಈ ವರ್ಷ ಜನ ಬಿಟ್ಟುಬಿಟ್ಟರೆ ಎಂಬ ಯೋಚನೆ ಆರಿದ ಕಾಫಿಯ ಕೆನೆಯಂತೆ ತುಟಿಗೆ ಅಂಟಿಕೊಂಡಿತು. ವಿಮಾ ಕಂಪನಿಯಲ್ಲಿ ಅವರು ಅಧಿಕಾರಿಯಾಗಿದ್ದುದು ನಿಜ, ಆದರೆ ಬಂದವರೆಲ್ಲ ಅವರ ಮೇಜಿನ ಮುಂದೆಯೇ ನಿಂತು, ಅವರ ತಲೆಯ ಮೇಲಿನಿಂದ ಒಳಗಿನ ಕೋಣೆಯ ಕಡೆ ಇಣುಕಿ, ‘ಸಾಹೇಬ್ರು ಇಲ್ವಾ?’ ಎಂದು ಕೇಳುತ್ತಿದ್ದರು. ನಾನೇ ಸಾಹೇಬ ಎನ್ನುವುದು ಸಭ್ಯತೆಯಲ್ಲವೆಂದು ಅವರು ‘ಕೂತ್ಕೊಳ್ಳಿ, ನೋಡೋಣ’ ಎನ್ನುತ್ತಿದ್ದರು. ಬಳಗದಲ್ಲಿ ಹಾಗಲ್ಲ. ಅಲ್ಲಿ ಚಿತ್ರ ಶುರುವಾಗುವ ಮುನ್ನ ಸ್ವಿಚ್ಚಿನ ಬಳಿ ನಿಂತವರು ‘ಶುರು ಮಾಡೋಣ್ವಾ ಸಾರ್?’ ಎಂದು ಅವರ ಮುಖ ನೋಡುತ್ತಿದ್ದರು. ಅವರು ಗದ್ದವನ್ನು ತುಸು ಕೆಳಗಿಳಿಸಿದರೆ ಸಾಕು, ಇಡೀ ಹಾಲ್ ಕತ್ತಲಾಗುತ್ತಿತ್ತು. ಸೂರ್ಯನನ್ನು ಬಿಟ್ಟರೆ ಅಷ್ಟು ದೊಡ್ಡ ಕತ್ತಲೆಯ ಮೇಲೆ ಅಧಿಕಾರವಿದ್ದವರು ಕತ್ರಿಗುಪ್ಪೆಯಲ್ಲಿ ಬೇರಾರೂ ಇರಲಿಲ್ಲ. ಆ ಗದ್ದ ಇಂದು ಮಧ್ಯಾಹ್ನದೊಳಗೆ ಬರಿಯ ಗದ್ದವಾಗಿಬಿಡಬಹುದು.

ಭಯಕ್ಕೆ ಕಾರಣ ವಿಭಾ. ಬಳಗದ ಕಾರ್ಯದರ್ಶಿ, ಯಾವುದೋ ಪ್ರಯೋಗಾಲಯದಲ್ಲಿ ಲೋಹಗಳನ್ನು ಕಾಯಿಸಿ ತಣಿಸಿ ಅಳೆಯುವ ಹುಡುಗಿ. ಒಳ್ಳೆಯವಳು, ಅದೇ ತೊಂದರೆ. ಅವಳು ಬಂದ ಮೇಲೆ ಜೆ.ಪಿ. ನಗರ, ಬಿ.ಟಿ.ಎಂ. ಕಡೆಯಿಂದ ಹೊಸ ಸದಸ್ಯರು ಬರತೊಡಗಿದ್ದರು, ಹೊಸ ಪ್ರೊಜೆಕ್ಟರ್ ಬಂದಿತ್ತು, ಚಿತ್ರಗಳು ಹೇಳಿದ ಹೊತ್ತಿಗೆ ಶುರುವಾಗುವ ಅಸಭ್ಯತೆಯೂ ಬಂದಿತ್ತು. ಹೋದ ತಿಂಗಳು ಸಮಿತಿಯವರೆಲ್ಲ ದರ್ಶಿನಿ ಹೋಟೆಲೊಂದರಲ್ಲಿ ಸೇರಿದ್ದಾಗ ಅವಳು ‘ಸಾರ್, ಕಾಫಿ?’ ಎಂದು ಕೇಳಿದಳು. ‘ಬೇಡಮ್ಮ, ಈಗಷ್ಟೇ ಆಯ್ತು’ ಎಂದರು. ಅವಳು ಹೋಗಿ ಎಲ್ಲರಿಗೂ ಕಾಫಿ ತಂದಳು, ಅವರೊಬ್ಬರನ್ನು ಬಿಟ್ಟು. ಅವಳ ಮುಖದಲ್ಲಿ ಲವಲೇಶವೂ ಕುಹಕವಿರಲಿಲ್ಲ. ಬೇಡವೆಂದವರಿಗೆ ಕೊಡಲಿಲ್ಲ, ಅಷ್ಟೇ. ಉಳಿದವರ ಲೋಟಗಳಿಂದ ಏಳುತ್ತಿದ್ದ ಹಬೆಯನ್ನು ನೋಡುತ್ತ ಅವರು ನಿಂತಿದ್ದರು. ಇಂಥವರ ಎದುರಿಗೆ ರಾಜೀನಾಮೆ ಕೊಡುವುದು ಹೇಗೆ? ಕೊಡದೆ ಇರುವುದಾದರೂ ಹೇಗೆ? ಹಿಂದಿನ ಸಾಲುಗಳಲ್ಲಿ ಕೂರುವ ಹಳಬರು ‘ಈ ಸಲ ಬಿಡೋ ಮಾತೇ ಆಡ್ಲಿಲ್ಲ ನೋಡಿದ್ರಾ’ ಎಂದು ಒಬ್ಬರ ಕಿವಿಯಲ್ಲೊಬ್ಬರು ಹೇಳಿಕೊಳ್ಳುವುದನ್ನು ಅವರು ಈಗಲೇ ಕೇಳಬಲ್ಲವರಾಗಿದ್ದರು.

ಉಪಾಯವೊಂದೇ. ಪದ್ಧತಿಯ ಮೊದಲ ‘ಛೆ ಛೆ’ ಯಾವಾಗಲೂ ರವಿಕುಮಾರನದು. ಕಚೇರಿಯಲ್ಲಿ ಕಿರಿಯ ಸಹೋದ್ಯೋಗಿಯಾಗಿದ್ದ ಅವನನ್ನು ಬಳಗಕ್ಕೆ ಸೇರಿಸಿದವರೂ ವೆಂಕಟಾಚಲ ಅವರೇ. ಅವನೊಬ್ಬ ಶುರುಮಾಡಿದರೆ ಉಳಿದವರು ಭಜನೆಯಂತೆ ಹಿಡಿದುಕೊಳ್ಳುತ್ತಿದ್ದರು. ಅವನಿಗೊಂದು ಸೂಚನೆ ಕೊಡಬೇಕು, ಆದರೆ ಸೂಚನೆಯೆಂದು ಅನ್ನಿಸಬಾರದು. ಫೋನ್ ಹಿಡಿದು ಬಾಲ್ಕನಿಗೆ ಹೋದರು. ಗುಡ್ಡದ ದೇವಸ್ಥಾನದಿಂದ ಗಂಟೆ ಕೇಳಿಸುತ್ತಿತ್ತು.

“ರವಿ, ಇವತ್ತು ಬರ್ತಿದೀಯಲ್ಲ?”

“ಬರ್ದೆ ಇರ್ತೀನಾ ಸಾರ್. ನಿಮ್ಮ ಭಾಷಣ ಬಿಡಕ್ಕಾಗತ್ತಾ?”

“ಭಾಷಣ ಏನ್ ಬಿಡಪ್ಪ. ಇವತ್ತು ಎದ್ದು ನಿಂತು ಹೇಳ್ಬಿಡ್ತೀನಿ, ಸಾಕು ಅಂತ. ಮಂಡಿ ಕೇಳ್ತಿಲ್ಲ. ಆಮೇಲೆ... ನೀನು ಏನ್ ಹೇಳ್ಬೇಕೋ ನಿಂಗೇ ಗೊತ್ತಲ್ಲ.”

“ನಿಜವಾಗ್ಲೂ ಸಾಕಾಗಿದ್ಯಾ ಸಾರ್?”

ಇಲ್ಲಿ ನಿಲ್ಲಬೇಕಿತ್ತು. ಆದರೆ ಬೆಳಗಿನಿಂದ ಕನ್ನಡಿಗೆ ಒಪ್ಪಿಸಿದ ದಣಿವಿಗೆ ಮೊದಲ ಸಲ ಒಬ್ಬ ಜೀವಂತ ಶ್ರೋತೃ ಸಿಕ್ಕಿದ್ದ. ಕಲಾವಿದನ ಆಸೆ ಅವರನ್ನು ಮುಂದಕ್ಕೆ ತಳ್ಳಿತು. “ಜೀವ ಹಣ್ಣಾಗಿದೆ ಕಣೋ. ಪ್ರತಿ ವರ್ಷ ಹೇಳ್ತೀನಿ, ಯಾರೂ ಕಿವಿಗೆ ಹಾಕ್ಕೊಳ್ಳಲ್ಲ. ನೀನಾದ್ರೂ ನನ್ನ ಅರ್ಥಮಾಡ್ಕೋ.” ಎಷ್ಟು ಚೆನ್ನಾಗಿ ಬಂತೆಂದರೆ ಅವರ ಕಣ್ಣಂಚೇ ತೇವವಾಯಿತು. ರವಿಕುಮಾರ ಮೆಲ್ಲಗೆ “ಆಯ್ತು ಸಾರ್, ಅರ್ಥ ಆಯ್ತು” ಎಂದ. ಆ ದನಿಯ ಗಾಂಭೀರ್ಯದಿಂದ ಸಮಾಧಾನಗೊಂಡು ವೆಂಕಟಾಚಲ ಇಸ್ತ್ರಿಮಾಡಿದ ಜುಬ್ಬ ತೊಟ್ಟು ಬಸ್ಸು ಹಿಡಿದರು.

ಬಸ್ಸಿನ ಕಿಟಕಿಯ ಪಕ್ಕ ಕೂತಾಗ, ಮುಂದಿನ ಸೀಟಿನಲ್ಲಿದ್ದ ಹೆಂಗಸಿನ ಬಿಳಿಯ ತುರುಬು ಅವರನ್ನು ಕಾಡತೊಡಗಿತು. ಸತ್ಯಭಾಮಾ ಅವರದೂ ಇಂಥದೇ ತುರುಬು, ಹೀಗೆಯೇ ಒಂದು ಕಪ್ಪು ಪಿನ್ನು ಸಡಿಲವಾಗಿ ಹೊರಚಾಚಿರುತ್ತಿತ್ತು. ಹೈಸ್ಕೂಲು ಮೇಡಂ, ಬಳಗವನ್ನು ಕಟ್ಟಿದವರು, ಇವರಿಗಿಂತ ಮೊದಲಿನ ಅಧ್ಯಕ್ಷರು. ನೆನಪಿನಲ್ಲಿ ಆ ತುರುಬು ಈಗ ಮೈಕಿನ ಮುಂದಿದೆ, ‘ನಂಗಿನ್ನು ಆಗಲ್ಲಪ್ಪ, ಕಿರಿಯರು ಯಾರಾದ್ರೂ ನೋಡ್ಕೊಳ್ಳಿ’ ಎನ್ನುತ್ತಿದೆ, ಮಾತು ತೂಗುತ್ತಿದೆ, ಸಂದಿ ತೆರೆದಿದೆ, ಎಲ್ಲರೂ ಉಸಿರು ಒಳಗೆಳೆದುಕೊಂಡಿದ್ದಾರೆ. ಆ ಅರೆ ಉಸಿರಿನಲ್ಲಿ ಒಂದು ಚಪ್ಪಾಳೆ ಕೇಳಿಸುತ್ತದೆ. ಗೌರವದ ಚಪ್ಪಾಳೆ. ಉಳಿದವರೂ ಸೇರಿಕೊಂಡರು, ಚಪ್ಪಾಳೆಯ ನಡುವೆ ‘ಛೆ ಛೆ’ ಎನ್ನುವುದು ಸಾಧ್ಯವಿರಲಿಲ್ಲ. ಮೊದಲು ತಾವು ಚಪ್ಪಾಳೆ ತಟ್ಟಿದ್ದು ಅವರ ಸೇವೆಗಲ್ಲವೇ? ಅವರಿಗೆ ನಿಜವಾಗಿಯೂ ಆಗುತ್ತಿರಲಿಲ್ಲವಲ್ಲವೇ? ಆಮೇಲೆ ಮೇಡಂ ಒಂದೆರಡು ಚಿತ್ರಗಳಿಗೆ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದರು, ದೀಪ ಆರುವ ಮುನ್ನ ಕೈಚೀಲವನ್ನು ಎದೆಗವಚಿಕೊಂಡು. ಆಮೇಲೆ ಬರಲಿಲ್ಲ. “ಸಾರ್, ಲಾಸ್ಟ್ ಸ್ಟಾಪ್ ತನಕ ಹೋಗ್ತೀರಾ, ಇಳೀತೀರಾ?” ಎಂದು ಕಂಡಕ್ಟರ್ ಕೇಳಿದಾಗ ಅವರು ಅಪರಾಧಿಯಂತೆ ಎದ್ದರು.

ಹಾಲ್‌ನಲ್ಲಿ ಹಿಂದಿನ ದಿನದ ಮದುವೆಯ ಸಾರಿನ ವಾಸನೆ ಇನ್ನೂ ಇತ್ತು. ಪರದೆಯ ಮುಂದೆ, ಪ್ಲಾಸ್ಟಿಕ್ ಕುರ್ಚಿಗಳ ಸಾಲಿಗಿಂತ ಮುಂದಾಗಿ, ಅಧ್ಯಕ್ಷರ ಆಸನ: ಮಂಟಪದಲ್ಲಿ ವರನನ್ನು ಕೂರಿಸುವ ಕೆಂಪು ಮಕಮಲ್ಲಿನ, ಸಿಂಹದ ತಲೆಗಳ ಮೇಲೆ ಚಿನ್ನದ ಬಣ್ಣ ಬಳಿದ ಸಿಂಹಾಸನ. ಅದನ್ನು ಕೆಳಗಿಳಿಸಿ ತರಿಸುವುದು ಮಂಟಪದ ಯಜಮಾನ ತಿಮ್ಮರಾಯಪ್ಪನವರ ಪ್ರೀತಿ. ‘ಅಯ್ಯೋ, ನಂಗ್ಯಾಕೆ, ಪ್ಲಾಸ್ಟಿಕ್ ಕುರ್ಚಿ ಸಾಕು’ ಎನ್ನುವುದು ವೆಂಕಟಾಚಲ ಅವರ ಪ್ರೀತಿ. ತಿಮ್ಮರಾಯಪ್ಪನವರ ಮನೆತನ ಅಲ್ಲೇ ರಾಗಿ ಬೆಳೆಯುತ್ತಿದ್ದವರದು; ಹೊಲ ಬಡಾವಣೆಯಾದ ಮೇಲೆ ಉಳಿದ ಮೂಲೆಯಲ್ಲಿ ತಾಯಿಯ ಹೆಸರಿನ ಮಂಟಪ ಎದ್ದಿತ್ತು. ವರ್ಷವೂ ಮುಖ್ಯ ಅತಿಥಿಯಾಗಿ ಮುಂದಿನ ಸಾಲಿನಲ್ಲಿ ಕೂತು, ಕ್ರಾಂತಿ ಆರಂಭವಾಗುತ್ತಿದ್ದಂತೆ ಅವರು ನಿದ್ರೆಹೋಗುತ್ತಿದ್ದರು. ಹೋದ ವರ್ಷ ಮಾತ್ರ ಸಂವಾದದ ಹೊತ್ತಿಗೆ ಎಚ್ಚರಗೊಂಡು ಕೇಳಿದ್ದರು: “ಜಮೀನಿಗೋಸ್ಕರ ಇಷ್ಟೊಂದ್ ಹೊಡದಾಟನಾ ಸಾ? ನಮ್ಮಪ್ಪಂಗೂ ಬಂದು ನೋಟೀಸ್ ಕೊಟ್ರು. ನಮ್ಮಪ್ಪ ಅವ್ರಿಗೆ ಎಳನೀರು ಕೊಟ್ರು. ಮುಗೀತು.” ಸಭೆ ನಕ್ಕಿತ್ತು. ಬಡಾವಣೆಯಲ್ಲಿ ಸೈಟು ಪಡೆದಿದ್ದ ಹಳಬರು ಇನ್ನೂ ಸ್ವಲ್ಪ ಜೋರಾಗಿ ನಕ್ಕಿದ್ದರು.

ಸಭೆ ಹೇಳಿದ ಹೊತ್ತಿಗೆ ಶುರುವಾಯಿತು. ವೆಂಕಟಾಚಲ ಎದ್ದರು. ವರ್ಷದ ಚಿತ್ರಗಳ ಬಗ್ಗೆ ಎರಡು ಮಾತು, ತಿಮ್ಮರಾಯಪ್ಪನವರಿಗೆ ಕೃತಜ್ಞತೆ, ಆಮೇಲೆ ಮಂಡಿ. ಎಲ್ಲವೂ ಕನ್ನಡಿಯಲ್ಲಿ ಬಂದದ್ದಕ್ಕಿಂತ ಚೆನ್ನಾಗಿ ಬರುತ್ತಿತ್ತು. “ಇನ್ನು ಮುಂದೆ ಬೇರೆ ಯಾರಾದರೂ...” ಎಂದು ಮಾತನ್ನು ತೂಗಲು ಬಿಟ್ಟು ಕನ್ನಡಕ ತೆಗೆದು ಒರೆಸತೊಡಗಿದರು. ಕನ್ನಡಕವಿಲ್ಲದ ಕಣ್ಣಿಗೆ ಸಭೆ ಮಸುಕಾಗಿ, ದಯಾಳುವಾಗಿ ಕಂಡಿತು. ಮೂರನೆಯ ಸಾಲಿನಲ್ಲಿ ನೀಲಿ ಅಂಗಿಯೊಂದು ಎದ್ದು ನಿಂತಿತು. ರವಿಕುಮಾರ. ಅವರ ಎದೆ ಹಗುರವಾಯಿತು. ಒರೆಸುವ ಬಟ್ಟೆಯನ್ನು ಮಡಿಸುತ್ತ ಅವರು ಮುಖದ ಮೇಲೆ ಸೋಲಿನ ನಗೆಯನ್ನು ಮೊದಲೇ ತಂದಿಟ್ಟುಕೊಂಡರು.

“ಎಲ್ರೂ ಒಂದ್ ನಿಮಿಷ ಕೇಳಿ” ಎಂದ ರವಿಕುಮಾರ. “ಸಾರ್ ಪ್ರತಿ ವರ್ಷ ಇದೇ ಮಾತು ಕೇಳ್ಕೋತಾರೆ. ಪ್ರತಿ ವರ್ಷ ನಾನೇ ಮೊದಲು ಎದ್ದು ಬೇಡ ಅಂದಿದೀನಿ. ನಮ್ಮ ಸ್ವಾರ್ಥ ನೋಡ್ಕೊಂಡ್ವೇ ಹೊರತು ಅವರ ಕಷ್ಟ ನೋಡ್ಲಿಲ್ಲ. ಇವತ್ತು ಬೆಳಗ್ಗೆ ಫೋನ್‌ನಲ್ಲಿ ಅವರ ದನಿ ಕೇಳಿ ನಂಗೆ ನಾಚಿಕೆ ಆಯ್ತು. ಜೀವ ಹಣ್ಣಾಗಿದೆ ಕಣೋ ಅಂದ್ರು. ಈ ಒಂದು ಸಲನಾದ್ರೂ ಅವರ ಮಾತಿಗೆ ಬೆಲೆ ಕೊಡೋಣ. ಸಾರ್‌ನ ಬಿಟ್ಬಿಡೋಣ.”

ವೆಂಕಟಾಚಲ ಕನ್ನಡಕ ಹಾಕಿಕೊಂಡರು. ಸಭೆ ಸ್ಪಷ್ಟವಾಗಿ ಕಾಣಿಸಿತು, ಹಾಗೆ ಕಾಣಬಾರದಿತ್ತು ಎನ್ನುವಷ್ಟು ಸ್ಪಷ್ಟವಾಗಿ. ಹಳಬರ ಸಾಲಿನಲ್ಲಿ ಒಂದೆರಡು ಬಾಯಿಗಳು ಅಭ್ಯಾಸಬಲದಿಂದ ತೆರೆದುಕೊಂಡವು, ಆದರೆ ಕರುಣೆಯ ಎದುರು ಉಪಚಾರ ನಿಲ್ಲಲಾರದು. ಪಾಪದವನ ಪರವಾಗಿ ಮಾತಾಡಿದ ಮೇಲೆ ಅವನನ್ನು ಮತ್ತೆ ನೊಗಕ್ಕೆ ಕಟ್ಟಿ ಎನ್ನಲು ಯಾರಿಗೆ ಧೈರ್ಯ? ಬಾಯಿಗಳು ಮುಚ್ಚಿಕೊಂಡವು. ಯಾರೋ ಚಪ್ಪಾಳೆ ತಟ್ಟಿದರು. ‘ಇಲ್ಲಪ್ಪ, ನಾನು ಹಾಗಂದದ್ದಲ್ಲ’ ಎಂಬ ಮಾತು ಅವರ ನಾಲಗೆಯ ತುದಿಯವರೆಗೆ ಬಂತು. ಅದನ್ನು ಆಡಿದರೆ ಇಷ್ಟು ವರ್ಷಗಳ ಎಲ್ಲ ‘ಬೇಡ’ಗಳೂ ಒಟ್ಟಿಗೆ ಬಿಚ್ಚಿಕೊಂಡು, ಅವುಗಳ ಹೊಟ್ಟೆಯೊಳಗಿನ ‘ಬೇಕು’ಗಳು ಈ ಪ್ಲಾಸ್ಟಿಕ್ ಕುರ್ಚಿಗಳ ನಡುವೆ ಉರುಳಾಡತೊಡಗುತ್ತವೆ. ಅವರು ಕೈಮುಗಿದರು. ಮುಗಿದ ಕೈಗಳ ನಡುವೆ ಎಡೆಯಿರಲಿಲ್ಲ. ಜನ ಎದ್ದು ನಿಂತು ತಟ್ಟುತ್ತಿದ್ದರು. ತಿಮ್ಮರಾಯಪ್ಪನವರು ಮಂಟಪದ ಉಗ್ರಾಣದಿಂದ ಶಾಲು ತರಿಸಿ ಹೊದಿಸಿದರು. ಶಾಲಿನ ಅಂಚಿನಲ್ಲಿ ಒಂದು ಅಕ್ಕಿಕಾಳು ಅಂಟಿಕೊಂಡಿತ್ತು.

ಮುಂದಿನ ಅಧ್ಯಕ್ಷರು ಯಾರು ಎಂದಾಗ ಹಿಂದಿನಿಂದ ಹಲವು ದನಿಗಳು ವಿಭಾ ಎಂದವು. ವೆಂಕಟಾಚಲ ಅವರೊಳಗೆ ಏನೋ ಹೆಡೆಯೆತ್ತಿತು. ಈಗ ಅವಳು ಬೇಡವೆನ್ನುತ್ತಾಳೆ, ಅನ್ನಲೇಬೇಕು. ಎಷ್ಟಾದರೂ ಕನ್ನಡದ ಹುಡುಗಿ, ಜಯನಗರದಲ್ಲಿ ಹುಟ್ಟಿದವಳು. ಅಂದ ತಕ್ಷಣ ತಾವು ಮಧ್ಯೆ ಬಂದು, ‘ಮಗುಗೆ ಬಲವಂತ ಮಾಡೋದು ಬೇಡ, ಇನ್ನೊಂದು ವರ್ಷ ಹೇಗೋ...’ ಎನ್ನಬಹುದು. ಮಾತು ಸಿದ್ಧವಾಗಿತ್ತು. ವಿಭಾ ಎದ್ದು ನಿಂತಳು.

“ಆಯ್ತು, ಮಾಡ್ತೀನಿ” ಎಂದಳು. “ಥ್ಯಾಂಕ್ಯೂ.”

ಅಷ್ಟೇ. ಒಂದೇ ಒಂದು ಸಲವಾದರೂ ಬೇಡವೆನ್ನಬಾರದೇ? ತಮ್ಮ ಪದಚ್ಯುತಿಗಿಂತ ಅವಳ ಈ ಸಲೀಸು ಅವರನ್ನು ಹೆಚ್ಚು ಅವಮಾನಿಸಿತು. ಅವಳು ಬಂದು ಅವರ ಪಕ್ಕದಲ್ಲಿ ನಿಂತು, “ಸಾರ್, ಇಂಟ್ರೊ ನೀವೇ ಮಾಡ್ಬೇಕು, ಅದು ನಿಮ್ದೇ” ಎಂದಳು. ಆಮೇಲೆ ಸಿಂಹಾಸನವನ್ನೊಮ್ಮೆ, ಪ್ರೊಜೆಕ್ಟರನ್ನೊಮ್ಮೆ ಕಣ್ಣಳತೆಯಿಂದ ನೋಡಿ, “ಇದು ಯಾವಾಗ್ಲೂ ಸಬ್‌ಟೈಟಲ್‌ಗೆ ಅಡ್ಡ ಬರತ್ತೆ, ಸೈಡಿಗೆ ಹಾಕ್ಬಿಡೋಣ” ಎಂದಳು. ಇಬ್ಬರು ಹುಡುಗರು ಅದನ್ನು ಎಳೆದುಕೊಂಡು ಹೋಗಿ ಕೈತೊಳೆಯುವ ನಲ್ಲಿಗಳ ಪಕ್ಕ ನಿಲ್ಲಿಸಿದರು. ಇಷ್ಟು ವರ್ಷ ತಮ್ಮ ತಲೆ ಅರ್ಧ ಸಭೆಗೆ ಕ್ರಾಂತಿಯ ಮಾತುಗಳನ್ನೇ ಮರೆಮಾಡಿತ್ತೆಂಬುದು, ಮತ್ತು ಯಾರೂ ಅದನ್ನು ಹೇಳಿರಲಿಲ್ಲವೆಂಬುದು, ಅವರಿಗೆ ಆಗ ತಿಳಿಯಿತು.

ಪೀಠಿಕೆಯ ಭಾಷಣ ಮಾಡಿದರು. ಅಧಿಕಾರವನ್ನು ಕಣ್ಣೆತ್ತಿ ನೋಡದ ಆ ನಾಯಕನ ಬಗ್ಗೆ ಎಂದಿನ ಮಾತುಗಳನ್ನೇ ಆಡಿದರು. ಸಭೆ ಎಂದೂ ಇಲ್ಲದಷ್ಟು ಭಾವುಕವಾಗಿ ಕೇಳಿತು, ಅವರು ತಮ್ಮ ಬಗ್ಗೆಯೇ ಹೇಳುತ್ತಿದ್ದಾರೆಂದು. ವಿಭಾ ಯಾರ ಗದ್ದವನ್ನೂ ನೋಡದೆ ಸ್ವಿಚ್ಚು ಒತ್ತಿದಳು. ಕತ್ತಲಾಯಿತು, ಎಂದಿನಷ್ಟೇ. ರವಿಕುಮಾರನ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅವರು ಶಾಲು ಹೊದ್ದು ಕೂತರು. ರವಿಕುಮಾರ ಕತ್ತಲಲ್ಲಿ ಅವರ ಕೈಯನ್ನೊಮ್ಮೆ ಒತ್ತಿ, “ಹಗುರ ಆಯ್ತಾ ಸಾರ್?” ಎಂದು ಪಿಸುಗುಟ್ಟಿದ. “ಹೂಂ” ಎಂದರು. ಕುದುರೆಗಳು ಓಡಿದವು, ಹೊಲಗಳು ಉರಿದವು, ರಾಜಧಾನಿ ಬಿತ್ತು. ಆ ದೃಶ್ಯ ಬಂತು. ನಾಯಕ ಕುರ್ಚಿಯ ಮುಂದೆ ನಿಂತ, ಟೋಪಿ ತಿರುಗಿತು, ತಲೆ ಅಲ್ಲಾಡಿತು. ಇಷ್ಟು ವರ್ಷ ಅವರು ನೋಡಿದ್ದು ಆ ತಲೆಯನ್ನು ಮಾತ್ರ. ಇಂದು ಮೊದಲ ಸಲ ಅವರ ಕಣ್ಣು ಸುತ್ತ ನಿಂತವರ ಮುಖಗಳ ಮೇಲೆ ಹರಿದಾಡಿತು, ಒಂದೊಂದಾಗಿ, ಆತುರದಿಂದ: ಯಾರಾದರೂ ಬಾಯಿ ತೆರೆದರೇ? ಕೈ ಮುಂದೆ ಚಾಚಿದರೇ? ‘ಹಾಗಂದ್ರೆ ಹೇಗೆ, ನೀವೇ ಕೂತ್ಕೋಬೇಕು’ ಎಂದು ಎರಡನೆಯ ಸಲ ಹೇಳುವವನು ಆ ಗುಂಪಿನಲ್ಲಿ ಒಬ್ಬನಾದರೂ ಇದ್ದನೇ? ಯಾರೂ ಇರಲಿಲ್ಲ. ಪಕ್ಕದಲ್ಲಿದ್ದ ದಪ್ಪ ಸೇನಾಪತಿಯೊಬ್ಬ ಆಗಲೇ ಕುರ್ಚಿಯ ಕೈಯನ್ನು ಸವರುತ್ತಿದ್ದ. ನಾಯಕ ಕಿಟಕಿಯ ಬಳಿ ತಲುಪಿ ಅಲ್ಲೇ ನಿಂತ. ಬೆನ್ನು ಮಾತ್ರ ಕಾಣುತ್ತಿತ್ತು, ಮತ್ತು ಅದು ಸ್ವಲ್ಪ ಹೆಚ್ಚೇ ಹೊತ್ತು ಕಾಣುತ್ತಿತ್ತು. ಅವನು ಬೀದಿಯ ಜನರನ್ನು ನೋಡುತ್ತಿದ್ದಾನೆಂದು ತಾವು ಸಭೆಗೆ ವಿವರಿಸುತ್ತ ಬಂದಿದ್ದರು. ಏನನ್ನು ಕಾಯುತ್ತಿದ್ದನೋ.

ದೀಪ ಹತ್ತಿದಾಗ ತಿಮ್ಮರಾಯಪ್ಪನವರು ಎಚ್ಚರಗೊಂಡು ಇವರ ಪಕ್ಕಕ್ಕೆ ಬಂದರು.

“ಆಮೇಲೆ ಏನಾಯ್ತು ಸಾ ಆವಯ್ಯಂಗೆ?”

“ಹೊಂಚು ಹಾಕಿ ಗುಂಡು ಹೊಡೆದ್ರು.”

“ಕುರ್ಚಿ ಮೇಲೆ ಕೂತಿದ್ದಿದ್ರೆ?”

ವೆಂಕಟಾಚಲ ಯೋಚಿಸಿದರು. “ಆಗಲೂ ಹೊಡೀತಿದ್ರು ಅನ್ಸತ್ತೆ.”

“ಹಂಗಾದ್ರೆ ಒಂದ್ ನಾಕ್ ದಿನ ಕೂತಿರ್ಬೋದಿತ್ತು ಬುಡಿ” ಎಂದು ತಿಮ್ಮರಾಯಪ್ಪನವರು ಆಕಳಿಸುತ್ತ ಹೊರಟರು.

ಹೊರಗೆ ಬಿಸಿಲು ನೆತ್ತಿಗೇರಿತ್ತು. ವಿಭಾಳ ಸುತ್ತ ಹೊಸಬರ ಗುಂಪು ಮುಂದಿನ ತಿಂಗಳ ಚಿತ್ರದ ಬಗ್ಗೆ ಜೋರುಜೋರಾಗಿ ಮಾತಾಡುತ್ತಿತ್ತು. ಯಾರೂ ಅವರ ಕಡೆ ನೋಡಲಿಲ್ಲ. ಅಗೌರವದಿಂದಲ್ಲ, ದಣಿದವರನ್ನು ದಣಿಸಬಾರದೆಂದು. ರವಿಕುಮಾರ ಹೆಲ್ಮೆಟ್ಟು ಹಾಕಿಕೊಂಡು, ಸ್ಕೂಟರನ್ನು ಪುಟ್ಟೇನಹಳ್ಳಿಯ ತನ್ನ ಮನೆಯ ದಾರಿಗೆ ಮುಖಮಾಡಿ ನಿಲ್ಲಿಸಿ, ಇಂಜಿನ್ ಚಾಲೂ ಮಾಡಿದ ಮೇಲೆ ಕತ್ತು ತಿರುಗಿಸಿ ಕೇಳಿದ: “ಮನೆ ತನಕ ಬಿಡ್ಲಾ ಸಾರ್?”

ಉತ್ತರ ಬಾಯಲ್ಲೇ ಇತ್ತು. ಅರವತ್ತೇಳು ವರ್ಷಗಳಿಂದ ಅಲ್ಲೇ ಇತ್ತು. ಅದನ್ನು ಕೇಳಲೆಂದೇ ರವಿಕುಮಾರನ ಬಲಗೈ ಆಕ್ಸಿಲರೇಟರಿನ ಮೇಲೆ ಸಿದ್ಧವಾಗಿರುವುದನ್ನು ಅವರು ಕಂಡರು.

“ಬಿಡು” ಎಂದರು ವೆಂಕಟಾಚಲ.

“ಅಲ್ಲ... ಈಗ್ಲೇನಾ ಸಾರ್? ಹನುಮಂತನಗರಕ್ಕಾ?”

“ನಮ್ಮನೆ ಇರೋದು ಅಲ್ಲೇ ಅಲ್ವೇನೋ.”

“ಇಲ್ಲ, ಮನೇಲಿ ಬೀಗರು ಊಟಕ್ಕೆ ಕಾಯ್ತಿದಾರೆ, ಅದಕ್ಕೇ... ಪರವಾಗಿಲ್ಲ, ಬಿಡಿ, ಆಟೋ ಬೇಕಾದ್ರೆ ನಾನೇ...”

“ನೀನೇ ಕೇಳ್ದೆಯಲ್ಲಪ್ಪ” ಎಂದು ವೆಂಕಟಾಚಲ ಶಾಲನ್ನು ಮಡಿಸಿ ಸೀಟಿನ ಮೇಲೆ ಮೆತ್ತೆಯಾಗಿ ಹಾಕಿ, ನೋಯದ ಮಂಡಿಯನ್ನು ಸಲೀಸಾಗಿ ಎತ್ತಿ ಹಿಂದೆ ಹತ್ತಿ ಕೂತು, ಎರಡೂ ಕೈಗಳನ್ನು ರವಿಕುಮಾರನ ಭುಜದ ಮೇಲಿಟ್ಟರು. ಸ್ಕೂಟರು ಸ್ವಲ್ಪ ಹೊತ್ತು ನಿಂತಲ್ಲೇ ಗುರುಗುಟ್ಟಿತು. ಅವರು ಇಳಿಯಲಿಲ್ಲ.